ಬರೀ ‘ಬೇಡ’ ಅಂದರೆ ಸಾಲದು: ಲಂಡನ್ನಿನ ಬರೋ ಕೌನ್ಸಿಲಿನ ಪ್ಲಾನಿಂಗ್ ಕಮಿಟಿಯಲ್ಲಿ ನನ್ನ ಅನುಭವ

ನಾನು ಲಂಡನ್ನಿನ ಒಂದು ಬರೋ (borough, ಅಂದರೆ ನಗರದ ಒಂದು ಆಡಳಿತ ವಿಭಾಗ) ಕೌನ್ಸಿಲಿನ ಸದಸ್ಯ. ಕಟ್ಟಡ, ಅಂಗಡಿಗಳ ಅರ್ಜಿಗಳಿಗೆ ಅನುಮತಿ ಕೊಡೋದು ಬಿಡೋದು ತೀರ್ಮಾನಿಸುವ ಪ್ಲಾನಿಂಗ್ ಕಮಿಟಿಗೆ ನನ್ನ ಹೆಸರು ಬಂದಾಗ ಪಾರ್ಟಿಯ ಹಳಬರೊಬ್ಬರು ಹೇಳಿದ್ದು ಇಷ್ಟೇ: ಇಲ್ಲಿ ಹೌದು ಅಂದರೆ ಒಂದು ಬೀದಿಗೆ ಸಿಟ್ಟು, ಬೇಡ ಅಂದರೆ ಇನ್ನೊಬ್ಬರಿಗೆ ಸಿಟ್ಟು. ಯಾರೂ ಆಸೆಪಟ್ಟು ಕೇಳೋ ಜಾಗ ಅಲ್ಲ ಅದು. ನನಗೆ ಮಾತ್ರ ಈ ಕಮಿಟಿಯೇ ಹಿಡಿಸಿತು. ಕೌನ್ಸಿಲಿನ ಬೇರೆ ಕೆಲಸಗಳಲ್ಲಿ ನಮ್ಮಂಥ ಸಾಮಾನ್ಯ ಸದಸ್ಯರ ಕೈಯಲ್ಲಿ ಜಾಸ್ತಿ ಏನೂ ಇರಲ್ಲ. ಲೀಡರ್ ಮತ್ತು ಅವರ ಕ್ಯಾಬಿನೆಟ್ ತೀರ್ಮಾನ ಮಾಡುತ್ತಾರೆ. ಉಳಿದವರು ಅವರ ಕೆಲಸ ಪರಿಶೀಲಿಸುವ ಸ್ಕ್ರೂಟಿನಿ ಕಮಿಟಿಯಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ. 2000ದ ಸ್ಥಳೀಯ ಸರ್ಕಾರ ಕಾಯ್ದೆ ಬಂದ ಮೇಲೆ ಇಂಗ್ಲೆಂಡಿನ ಬಹುಪಾಲು ಕೌನ್ಸಿಲುಗಳು ನಡೆಯೋದು ಹೀಗೇ. ಪ್ಲಾನಿಂಗ್ ಮತ್ತು ಲೈಸೆನ್ಸಿಂಗ್ ಮಾತ್ರ ಇವತ್ತಿಗೂ ಕಮಿಟಿಯ ಕೈಯಲ್ಲೇ ಇವೆ. ಅಲ್ಲಿ ನಾನು ಎತ್ತಿದ ಕೈಗೆ ಬೆಲೆ ಇದೆ.

ಲಂಡನ್ನಿನಲ್ಲಿ 32 ಬರೋಗಳು, ಸಿಟಿ ಆಫ್ ಲಂಡನ್ ಬೇರೆ. ನಮ್ಮದು ಹೊರವಲಯದ ಒಂದು ಬರೋ. ಊರಿನಲ್ಲಿ ನೆಂಟರು “ಯಾವಾಗಪ್ಪಾ ಮೇಯರ್ ಆಗೋದು?” ಅಂತ ಕೇಳುತ್ತಾರೆ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರಲ್ಲ, ಆ ನೆನಪು ಅವರಿಗೆ. 2015ರ ನವೆಂಬರಿನಲ್ಲಿ ಥೇಮ್ಸ್ ದಡದಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆಯ ಹಿಂದೆ ಇದ್ದವರು ಅವರೇ. ಆದರೆ ಬಹಳಷ್ಟು ಬರೋಗಳಲ್ಲಿ ಮೇಯರ್ ಅನ್ನೋದು ಒಂದು ವರ್ಷದ ಗೌರವದ ಹುದ್ದೆ. ಹ್ಯಾಕ್ನಿ, ನ್ಯೂಹ್ಯಾಮ್, ಕ್ರಾಯ್ಡನ್ ತರದ ಕೆಲವು ಕಡೆ ಮಾತ್ರ ಜನರೇ ನೇರವಾಗಿ ಮೇಯರನ್ನು ಆರಿಸುತ್ತಾರೆ, ಅಧಿಕಾರವೂ ಅವರದೇ. ನೆಂಟರಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳೋಕಾಗಲ್ಲ. “ನೋಡೋಣ” ಅಂದು ಸುಮ್ಮನಾಗುತ್ತೇನೆ.

ಮನೆ ಹಿಂದೆ ಒಂದು ರೂಮು, ಮಾಡಿನ ಮೇಲೊಂದು ಕಿಟಕಿ, ಇಂಥ ಅರ್ಜಿಗಳೆಲ್ಲ ಕಮಿಟಿಗೆ ಬರೋದೇ ಇಲ್ಲ. ಹೆಚ್ಚಿನವು ಆಫೀಸರುಗಳ ಮಟ್ಟದಲ್ಲೇ ಮುಗಿಯುತ್ತವೆ. ದೊಡ್ಡವು, ಜಗಳ ಇರೋವು, ಕೌನ್ಸಿಲರೊಬ್ಬರು ಕಾರಣ ಕೊಟ್ಟು ಕರೆಸಿಕೊಂಡಂಥವು ನಮ್ಮ ಮುಂದೆ ಬರುತ್ತವೆ. ಸಭೆಗೆ ಮುಂಚೆ ಪೂರ್ತಿ ಐದು ಕೆಲಸದ ದಿನ ಇರುವ ಹಾಗೆ ಅಜೆಂಡಾ ಹೊರಬೀಳಬೇಕು ಅಂತ ಕಾನೂನು. ಅದರ ಜೊತೆಗೆ ಬರುವ ಕಾಗದದ ಕಟ್ಟು ದಪ್ಪ ಇರುತ್ತದೆ.

ಅದನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ನಕ್ಷೆ. ಆಮೇಲೆ ಅಕ್ಕಪಕ್ಕದವರ ಆಕ್ಷೇಪ. ಆಫೀಸರ್ ವರದಿ ಕೊನೆಗೆ. ವರದಿಯ ಶುರುವಿನಲ್ಲೇ ‘ಅನುಮತಿ ಕೊಡಬಹುದು’ ಅಂತ ಶಿಫಾರಸು ಇರುತ್ತದೆ. ಅದನ್ನು ಮೊದಲು ಓದಿಬಿಟ್ಟರೆ ನಕ್ಷೆಯಲ್ಲೂ ಅದೇ ಕಾಣೋಕೆ ಶುರುವಾಗುತ್ತದೆ. ಓದಿದ ಮೇಲೆ ಆ ಬೀದಿಗೆ ಹೋಗಿ ಒಂದು ಸುತ್ತು ಹಾಕುತ್ತೇನೆ. ಫುಟ್‌ಪಾತಿನಲ್ಲೇ ನಿಂತು ನೋಡೋದು, ಯಾರ ಮನೆ ಬಾಗಿಲೂ ತಟ್ಟಲ್ಲ. ಒಂದು ಕಡೆಯವರ ಜೊತೆ ಟೀ ಕುಡಿದರೆ ಇನ್ನೊಂದು ಕಡೆಯವರು ಸುಮ್ನೆ ಬಿಡ್ತಾರಾ?

ಒಂದು ಅರ್ಜಿಯ ಕಥೆ ಹೇಳಿದರೆ ಈ ಕೆಲಸ ಹೇಗೆ ಅಂತ ತಿಳಿಯುತ್ತದೆ. ನನ್ನ ವಾರ್ಡಿನಲ್ಲೇ ಸಾಲು ಅಂಗಡಿಗಳಿರುವ ಜಾಗ. ಮೇಲ್ಗಡೆ ಫ್ಲಾಟುಗಳು. ಮುಚ್ಚಿಹೋಗಿದ್ದ ಸ್ಟೇಶನರಿ ಅಂಗಡಿಯನ್ನು ಫ್ರೈಡ್ ಚಿಕನ್ ಟೇಕ್‌ಅವೇ ಮಾಡಬೇಕು ಅಂತ ಅರ್ಜಿ. 2020ರ ಸೆಪ್ಟೆಂಬರಿನಿಂದ ಅಂಗಡಿ, ಕೆಫೆ, ಆಫೀಸು ಎಲ್ಲ ಕಟ್ಟಡ ಬಳಕೆಯ ಒಂದೇ ಕ್ಲಾಸಿನಲ್ಲಿವೆ (ವರ್ಗದಲ್ಲಿವೆ). ಒಂದನ್ನು ಇನ್ನೊಂದು ಮಾಡೋಕೆ ನಮ್ಮ ಅನುಮತಿ ಬೇಡ. ಬಿಸಿ ಊಟದ ಪಾರ್ಸೆಲ್ ಅಂಗಡಿ ಮಾತ್ರ ಆ ಕ್ಲಾಸಿನಿಂದ ಹೊರಗೆ. ಹಾಗಾಗಿ ಅರ್ಜಿ ಬಂತು, ಜೊತೆಗೆ ರಾಶಿ ಆಕ್ಷೇಪಗಳೂ ಬಂದವು.

ನನಗೆ ಮೊದಲು ಎದುರಾದದ್ದು ನಾನು ಯಾವ ಕಡೆ ನಿಲ್ಲಬೇಕು ಅನ್ನೋ ಪ್ರಶ್ನೆ. ಜನರ ಪರವಾಗಿ ಮಾತಾಡಬೇಕಾ, ಕಮಿಟಿಯಲ್ಲಿ ಕೂತು ಓಟು ಹಾಕಬೇಕಾ? ಎರಡೂ ಮಾಡೋಕಾಗಲ್ಲ. ‘ಈ ಅಂಗಡಿ ಬರೋಕೆ ಬಿಡಲ್ಲ’ ಅಂತ ಬೀದಿಯಲ್ಲಿ ಹೇಳಿ ಬಂದವನು ಸಭೆಯಲ್ಲಿ ತೆರೆದ ಮನಸ್ಸಿನಿಂದ ಕೇಳಿಸಿಕೊಂಡೆ ಅಂದರೆ ಯಾರೂ ನಂಬಲ್ಲ. 2011ರ ಲೋಕಲಿಸಂ ಕಾಯ್ದೆ ಸ್ವಲ್ಪ ಸಡಿಲ ಕೊಟ್ಟಿದೆ. ಮೊದಲೇ ಒಂದು ಅಭಿಪ್ರಾಯ ಹೇಳಿದ ಮಾತ್ರಕ್ಕೆ ಮನಸ್ಸು ಮುಚ್ಚಿದೆ ಅಂತಲ್ಲ. ಆದರೂ ನಾನು ಆ ಸಡಿಲದ ಮೇಲೆ ಭಾರ ಹಾಕಲ್ಲ. ನಮ್ಮ ವಾರ್ಡಿಗೆ ಮೂವರು ಕೌನ್ಸಿಲರುಗಳು. ಜೊತೆಯವರೊಬ್ಬರು ಜನರ ಪರ ಮಾತಾಡಲು ಒಪ್ಪಿದರು. ನಾನು ಕಮಿಟಿಯಲ್ಲಿ ಉಳಿದೆ, ಸಭೆಯವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ಅಂಗಡಿಗೆ ಹಾಲು ತರಲು ಹೋದರೂ “ಏನಾಯ್ತು ಆ ಚಿಕನ್ ಅಂಗಡಿ?” ಅಂತ ಕೇಳೋರು. “ಕಾಗದ ಓದ್ತಾ ಇದ್ದೀನಿ” ಅನ್ನುವ ಉತ್ತರ ಯಾರಿಗೂ ಇಷ್ಟವಾಗಲಿಲ್ಲ.

ಆಕ್ಷೇಪಗಳಲ್ಲಿ ಅರ್ಧ ನಮ್ಮ ಲೆಕ್ಕಕ್ಕೇ ಬರೋಲ್ಲ. ಮನೆ ಬೆಲೆ ಬಿದ್ದು ಹೋಗುತ್ತೆ ಅಂತ ಬರೆದಿದ್ದರು. ಪ್ಲಾನಿಂಗಿನಲ್ಲಿ ಅದು ಕಾರಣವೇ ಅಲ್ಲ. ಈಗಿರುವ ಚಿಕನ್ ಅಂಗಡಿಗೆ ವ್ಯಾಪಾರ ಕಮ್ಮಿ ಆಗುತ್ತೆ ಅಂದರೂ ಅಲ್ಲ. ಅರ್ಜಿ ಹಾಕಿದವನ ನಡತೆಯೂ ಅಲ್ಲ. ಶಬ್ದ, ವಾಸನೆ, ಟ್ರಾಫಿಕ್, ಬೆಳಕು, ಪಕ್ಕದವರ ಖಾಸಗಿತನ, ಇಂಥವು ಲೆಕ್ಕಕ್ಕೆ ಬರುತ್ತವೆ. ಬರೋದ ಅಭಿವೃದ್ಧಿ ಯೋಜನೆ ಏನು ಹೇಳುತ್ತದೋ ಅದರಂತೆ ತೀರ್ಮಾನ ಆಗಬೇಕು. ಅದನ್ನು ಮೀರಬೇಕಾದರೆ ಇಂಥದ್ದೇ ಗಟ್ಟಿ ಕಾರಣ ಬೇಕು.

ವಾಸನೆ ಅನ್ನೋದು ನಾಜೂಕಿನ ವಿಷಯ. ನಮಗೆ ಇಂಗು-ಒಗ್ಗರಣೆಯ ಘಮ ಅಂದರೆ ಹಸಿವು. ಪಕ್ಕದ ಮನೆಯವರಿಗೆ ಅದೇ ಘಮ ರಾತ್ರಿ ಹತ್ತಕ್ಕೆ ತಲೆನೋವು. ಕೆಲವು ಕಾಗದಗಳಲ್ಲಿ ವಾಸನೆಯ ಹೆಸರಿನಲ್ಲಿ ಬೇರೇನೋ ಇಣುಕುತ್ತಿತ್ತು. ಅಂಥದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಆದರೆ ಸುಟ್ಟ ಎಣ್ಣೆಯ ವಾಸನೆ ನಿಜವಾದ ತೊಂದರೆ, ಯಾರ ಅಡುಗೆಯಾದರೂ ಸರಿ.

ನಾನು ನಕ್ಷೆಯಲ್ಲಿ ಹುಡುಕಿದ್ದು ಅಡುಗೆಮನೆಯ ಹೊಗೆ ಹೋಗುವ ಸ್ಟೀಲ್ ಕೊಳವೆಯನ್ನು. ಹಿಂದಿನ ಗೋಡೆಯ ಮೇಲೆ ನೇರವಾಗಿ ಮೇಲಕ್ಕೆ ಹೋಗುವ ಹಾಗೆ ಬರೆದಿದ್ದರು. ಆ ಗೋಡೆಯಲ್ಲಿ ಮೇಲಿನ ಫ್ಲಾಟಿನ ಒಂದು ಕಿಟಕಿ ಇರಬೇಕಲ್ಲ? ಹಿಂದಿನ ಓಣಿಯಲ್ಲಿ ನಿಂತು ನೋಡಿದಾಗ ನನ್ನ ಕಣ್ಣಿಗೆ ಬಿದ್ದಿತ್ತು. ನಕ್ಷೆಯಲ್ಲಿ ಕಿಟಕಿ ಇರಲಿಲ್ಲ. ಕೊಳವೆಯ ತುದಿಯೂ ಸೂರಿನ ಮಟ್ಟಕ್ಕೇ ನಿಂತಿತ್ತು.

ಸಭೆಯಲ್ಲಿ ಆ ಫ್ಲಾಟಿನ ಹೆಂಗಸು ಮೂರು ನಿಮಿಷ ಮಾತಾಡಿದರು. ಆ ಕಿಟಕಿ ಅವರ ಮಗು ಮಲಗುವ ಕೋಣೆಯದು. ಅರ್ಜಿದಾರನ ಕಡೆಯವರಿಗೂ ಅಷ್ಟೇ ಸಮಯ. ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ, ಎರಡು ಪ್ರಶ್ನೆ ಕೇಳಿದೆ. ಕೊಳವೆಗೂ ಕಿಟಕಿಗೂ ಎಷ್ಟು ದೂರ? ಸೂರಿನಿಂದ ಎಷ್ಟು ಮೇಲೆ ಹೊಗೆ ಬಿಡುತ್ತಾರೆ? ಆಫೀಸರ್ ನಕ್ಷೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿದರು. ಉತ್ತರ ಅದರಲ್ಲಿರಲಿಲ್ಲ. ಪಕ್ಕದಲ್ಲಿದ್ದವರು ಪಿಸುಗುಟ್ಟಿದರು, ನೇರವಾಗಿ ತಿರಸ್ಕರಿಸಿಬಿಡೋಣ ಅಂತ. ಗ್ಯಾಲರಿಯಲ್ಲಿ ಕೂತ ಜನಕ್ಕೂ ಅದೇ ಬೇಕಿತ್ತು.

ತಿರಸ್ಕರಿಸಿದರೆ ಏನಾಗುತ್ತೆ? ಅರ್ಜಿದಾರ ಅಪೀಲು ಕೇಳುವ ಸರ್ಕಾರಿ ಸಂಸ್ಥೆಯಾದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟಿಗೆ ಅಪೀಲು ಹೋಗುತ್ತಾನೆ. ನಾವು ಬರೆದ ಕಾರಣ ಗಟ್ಟಿ ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಅನುಮತಿ ಕೊಡುತ್ತಾರೆ. ಕೌನ್ಸಿಲ್ ಸುಮ್ನೆ ಹಟ ಮಾಡಿದೆ ಅನ್ನಿಸಿದರೆ ಅವನ ಖರ್ಚನ್ನೂ ನಮ್ಮಿಂದ ಕೊಡಿಸಬಹುದು. ಅದು ಜನರ ತೆರಿಗೆ ದುಡ್ಡು. ಷರತ್ತುಗಳೂ ಆಗ ನಮ್ಮ ಕೈಯಲ್ಲಿರಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಅಪೀಲಿನ ಹಕ್ಕು ಅರ್ಜಿದಾರನಿಗೆ ಮಾತ್ರ. ನಾವು ಅನುಮತಿ ಕೊಟ್ಟರೆ ಪಕ್ಕದ ಮನೆಯವರಿಗೆ ಉಳಿಯೋದು ಹೈಕೋರ್ಟಿನ ದಾರಿ ಒಂದೇ. ಅದೂ ಆರು ವಾರದೊಳಗೆ, ಅದೂ ಕಾನೂನಿನ ತಪ್ಪಿದ್ದರೆ. ನನ್ನ ಪ್ರಕಾರ ಈ ವ್ಯವಸ್ಥೆಯ ದೊಡ್ಡ ಓರೆ ಇದೇ. ಅದಕ್ಕೇ ಅನುಮತಿ ಕೊಡುವ ದಿನ ಇನ್ನೂ ಹುಷಾರಾಗಿರಬೇಕು.

ಸರಿಯಾದ ನಕ್ಷೆ ಬರುವವರೆಗೂ ಮುಂದೂಡೋಣ ಅಂತ ನಾನು ಸೂಚಿಸಿದೆ. ಅದು ಪಾಸಾಯಿತು. ಪ್ಲಾನಿಂಗಿನಲ್ಲಿ ಪಾರ್ಟಿ ವಿಪ್ ಇರಬಾರದು. ಆ ದಿನ ಕೈಗಳು ಎದ್ದದ್ದೂ ಪಾರ್ಟಿ ಲೆಕ್ಕದಲ್ಲಲ್ಲ.

ಮುಂದಿನ ಸಭೆಗೆ ಬಂದ ನಕ್ಷೆಯಲ್ಲಿ ಕೊಳವೆ ಇನ್ನೊಂದು ಮೂಲೆಗೆ ಹೋಗಿತ್ತು, ಸೂರಿಗಿಂತ ಒಂದು ಮೀಟರ್ ಮೇಲಕ್ಕೂ ಎದ್ದಿತ್ತು. ಕಾರ್ಬನ್ ಫಿಲ್ಟರ್, ಸೈಲೆನ್ಸರ್, ಗೋಡೆ ಅದುರದ ಹಾಗೆ ರಬ್ಬರ್ ಹಿಡಿಕೆ ಸೇರಿದ್ದವು. ಅಂಗಡಿ ಮುಚ್ಚುವ ಹೊತ್ತು ಹನ್ನೊಂದರ ಬದಲು ಹತ್ತು. ಸದಸ್ಯರೊಬ್ಬರು ‘ಗಿರಾಕಿಗಳು ಹೊರಗೆ ನಿಂತು ಗಲಾಟೆ ಮಾಡಬಾರದು’ ಅನ್ನೋ ಷರತ್ತನ್ನೂ ಹಾಕೋಣ ಅಂದರು. ಒಳ್ಳೆ ಆಸೆ, ಆದರೆ ಜಾರಿ ಮಾಡೋದು ಯಾರು? ಷರತ್ತು ಅಂದರೆ ಅದು ಬೇಕೇ ಬೇಕಾಗಿರಬೇಕು, ಪ್ಲಾನಿಂಗಿಗೆ ಮತ್ತು ಆ ಕಟ್ಟಡಕ್ಕೆ ಸಂಬಂಧಪಟ್ಟಿರಬೇಕು, ಸ್ಪಷ್ಟ ಇರಬೇಕು, ಜಾರಿ ಮಾಡೋ ಹಾಗಿರಬೇಕು, ನ್ಯಾಯವಾಗಿಯೂ ಇರಬೇಕು. ಗಲಾಟೆಯ ಷರತ್ತು ಬಿದ್ದು ಹೋಯಿತು. ನಾನು ಅನುಮತಿಯ ಪರ ಕೈ ಎತ್ತಿದೆ. ಆ ತಾಯಿ ಹೊರಗೆ ಸಿಕ್ಕಾಗ “ನಿಮಗೆ ಓಟು ಹಾಕಿದ್ದೆ” ಅಂದರು. ಕಿಟಕಿ ಮುಂದೆ ಕೊಳವೆ ಬರಲ್ಲ ಅಂತ ಹೇಳಿದೆ. ಅವರಿಗೆ ಅಂಗಡಿಯೇ ಬರಬಾರದಿತ್ತು.

ಆಮೇಲೆ ಅದೇ ಅಂಗಡಿ ರಾತ್ರಿ ಒಂದರವರೆಗೆ ತೆರೆಯೋಕೆ ಲೈಸೆನ್ಸ್ ಕೇಳಿತು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬಿಸಿ ಊಟ ಮಾರಬೇಕಾದರೆ 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅದನ್ನು ಕೇಳೋದು ಮೂವರು ಕೌನ್ಸಿಲರುಗಳ ಉಪಸಮಿತಿ. ಈ ಸಲ ನಾನು ಆಚೆ ಬದಿಯಲ್ಲಿ ಕೂತು ಜನರ ಪರ ಮಾತಾಡಿದೆ. ಇಲ್ಲಿ ಅಳತೆಗೋಲು ಬೇರೆ: ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಜನರಿಗೆ ಕಿರಿಕಿರಿ, ಮಕ್ಕಳ ರಕ್ಷಣೆ. ಈ ನಾಲ್ಕರಾಚೆಗೆ ಮಾತಾಡಿದರೆ ಸಮಯ ವ್ಯರ್ಥ. ಲೈಸೆನ್ಸ್ ಹನ್ನೆರಡರವರೆಗೆ ಸಿಕ್ಕಿತು. ಆದರೆ ಪ್ಲಾನಿಂಗಿನ ‘ಹತ್ತು ಗಂಟೆ’ ಷರತ್ತು ಹಾಗೇ ಇತ್ತು. ಎರಡೂ ಬೇರೆ ಬೇರೆ ಕಾನೂನು, ಎರಡನ್ನೂ ಪಾಲಿಸಲೇಬೇಕು. ಅಂಗಡಿ ಹತ್ತಕ್ಕೇ ಮುಚ್ಚುತ್ತದೆ.

ನಮ್ಮವರ ಅರ್ಜಿ ಬಂದಾಗ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಯುಗಾದಿ ಊಟಕ್ಕೆ ಸಿಗುವ ಗೆಳೆಯರೊಬ್ಬರ ಮನೆಯ ಅರ್ಜಿ ಒಮ್ಮೆ ಬಂತು. “ಸಾರ್, ನೀವಿದ್ದೀರಲ್ಲ” ಅಂದರು. ಸಭೆ ಶುರುವಾದ ಕೂಡಲೇ ಪರಿಚಯ ಇದೆ ಅಂತ ಹೇಳಿ ಎದ್ದು ಹೊರಗೆ ಹೋದೆ. ಅವರಿಗೆ ಅನುಮತಿ ಸಿಕ್ಕಿತು, ನನ್ನ ಮೇಲೆ ಬೇಜಾರೂ ಆಯಿತು.

  

ಈ ದೇಶದಲ್ಲಿರುವ ಕನ್ನಡಿಗರು ನನ್ನ ಹತ್ತಿರ ಬಂದರೆ ಹೇಳೋದು ಇಷ್ಟು. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆ ಅಂತ ನಿಮಗಿಲ್ಲಿ ಓಟಿದೆ, ಹೆಸರು ಸೇರಿಸಿ. ಪಕ್ಕದ ಅರ್ಜಿಗೆ ಆಕ್ಷೇಪ ಇದ್ದರೆ ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿ ಕಳಿಸಬೇಡಿ, ನಿಮ್ಮ ಕಿಟಕಿ, ನಿಮ್ಮ ಅಂಗಳದ ಮಾತು ಬರೆಯಿರಿ. ಫೋಟೋ ಇಡಿ, ಅಳತೆ ಹಾಕಿ. ಸಭೆಯಲ್ಲಿ ಮಾತಾಡೋಕೆ ಮೊದಲೇ ಹೆಸರು ಕೊಡಬೇಕು, ಅದಕ್ಕೆ ಗಡುವು ಇರುತ್ತದೆ. ಅದು ಯಾವಾಗ ಅಂತ ಅಜೆಂಡಾದ ಮೊದಲ ಪುಟದಲ್ಲಿ ನೋಡಿಕೊಳ್ಳಿ.