ಗದ್ದದ ಕೂದಲಿಗೆ ಗುಳಿಗೆ: ನಾನು ಕೊಡುವ ಕ್ರಮ

ಹುಬ್ಬಳ್ಳಿಯ ನನ್ನ ಚರ್ಮರೋಗ ಕ್ಲಿನಿಕ್‌ಗೆ ಗದಗ, ಹಾವೇರಿ ಕಡೆಯಿಂದಲೂ ಹೆಣ್ಣುಮಕ್ಕಳು ಗದ್ದದ ಕೂದಲಿನ ಚಿಂತೆ ಹೊತ್ತು ಬರುತ್ತಾರೆ. ಗುಳಿಗೆ ಬರೆಯುವ ಮೊದಲು ಮುಟ್ಟಿನ ಲೆಕ್ಕ ಕೇಳುತ್ತೇನೆ, ಮುಖಕ್ಕೆ ಏನು ಹಚ್ಚುತ್ತಾರೆಂದೂ ಕೇಳುತ್ತೇನೆ. ಬಣ್ಣ ತಿಳಿಯಾಗಲೆಂದು ಔಷಧಿ ಅಂಗಡಿಯಿಂದ ತಂದ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇದ್ದರೆ ಅದರಿಂದಲೂ ಮುಖದಲ್ಲಿ ಕೂದಲು ಏಳುತ್ತದೆ. ಅಂಥವರಿಗೆ ಗುಳಿಗೆ ಬೇಡ, ಆ ಟ್ಯೂಬನ್ನು ಹಂತಹಂತವಾಗಿ ಬಿಡಿಸಬೇಕು.

ಉಳಿದವರಲ್ಲಿ ಹೆಚ್ಚಿನವರದು ಪಿಸಿಓಎಸ್, ಅಂದರೆ ಗಂಡು ಹಾರ್ಮೋನು ಹೆಚ್ಚಾಗಿ ಮುಟ್ಟು ಏರುಪೇರಾಗುವ ತೊಂದರೆ. ರಕ್ತದಲ್ಲಿ ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್, ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಿಸುತ್ತೇನೆ. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ ದನಿಯೂ ಗಡಸಾಗಿದ್ದರೆ ಅಂಡಾಶಯದಲ್ಲಿ, ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಗಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿಸಲೇಬೇಕು.

ಮೊದಲ ಔಷಧಿ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎಂಬ ಹೆಣ್ಣು ಹಾರ್ಮೋನುಗಳೆರಡೂ ಇರುವ ಗರ್ಭನಿರೋಧಕ ಗುಳಿಗೆ. ‘ಮದುವಿ ಆಗದ ಹುಡುಗಿಗೆ ಇದ್ಯಾಕ್ರಿ ಡಾಕ್ಟರ?’ ಎಂದು ತಾಯಂದಿರು ಗಾಬರಿಯಾಗುತ್ತಾರೆ. ಇದು ಅಂಡಾಶಯದ ಗಂಡು ಹಾರ್ಮೋನನ್ನು ತಗ್ಗಿಸುತ್ತದೆ, ಬಿಟ್ಟ ಮೇಲೆ ಮಕ್ಕಳಾಗಲು ಅಡ್ಡಿಯಿಲ್ಲ ಎಂದು ಕೂಡಿಸಿಕೊಂಡು ಹೇಳಬೇಕು. ಹೇಳದಿದ್ದರೆ ಗುಳಿಗೆ ಪಾಕೀಟಿನಲ್ಲೇ ಉಳಿಯುತ್ತದೆ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಏರಿದ ಬಿಪಿ, ಕಣ್ಣಮುಂದೆ ಮಿಂಚು ಕಾಣಿಸಿ ಬರುವ ಅರೆತಲೆನೋವು ಇದ್ದವರಿಗೆ ಇದನ್ನು ಕೊಡುವುದಿಲ್ಲ.

ಆರು ತಿಂಗಳಾದರೂ ಸಾಲದಿದ್ದರೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ಸೇರಿಸುತ್ತೇನೆ: ದಿನಕ್ಕೆ 50 ಮಿಲಿಗ್ರಾಂನಿಂದ ಶುರು, ಒಗ್ಗಿದರೆ 100. ಮೂತ್ರ ಹೆಚ್ಚಾಗುವುದರಿಂದ ಬೆಳಿಗ್ಗೆಯೇ ನುಂಗಲಿ. ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲಿ ಇದರಿಂದ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಬಹುದು. ಇದಕ್ಕಿಂತ ದೊಡ್ಡ ಎಚ್ಚರ ಬಸಿರಿನದು. ಹೊಟ್ಟೆಯಲ್ಲಿ ಗಂಡು ಕೂಸಿದ್ದರೆ ಅದರ ಜನನಾಂಗದ ಬೆಳವಣಿಗೆ ಕೆಡಬಹುದು. ಹಾಗಾಗಿ ಗರ್ಭನಿರೋಧಕವಿಲ್ಲದೆ ಇದನ್ನು ಬರೆಯುವುದಿಲ್ಲ. ನಮ್ಮ ಕಡೆ ಸಂಬಂಧ ಗೊತ್ತಾದ ತಿಂಗಳೊಳಗೆ ಮದುವೆ ಮುಗಿಯುತ್ತದೆ, ಗರ್ಭನಿರೋಧಕ ನಿಲ್ಲಿಸಿದ ಹುಡುಗಿ ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಲೇ ಇರುತ್ತಾಳೆ. ‘ಮದುವೆ ಮಾತುಕತೆ ಶುರುವಾದ ದಿನವೇ ನನಗೆ ತಿಳಿಸವ್ವಾ’ ಎಂದು ಹೇಳಿಯೇ ಚೀಟಿ ಕೊಡುತ್ತೇನೆ.

ಪಿಸಿಓಎಸ್‌ಗೆಂದು ಬರೆದ ಮೆಟ್‌ಫಾರ್ಮಿನ್ ಸಕ್ಕರೆಗೆ, ಮುಟ್ಟಿಗೆ ನೆರವಾದೀತು, ಕೂದಲಿಗೆ ಅದರಿಂದ ಹೇಳಿಕೊಳ್ಳುವ ಲಾಭವಿಲ್ಲ.

ಎರಡನೇ ತಿಂಗಳಿಗೇ ‘ಕೂದ್ಲ ಹಂಗ ಅದಾವ್ರಿ’ ಎಂದು ಗುಳಿಗೆ ಬಿಡುವವರು ಬಹಳ. ಈಗಾಗಲೇ ದಪ್ಪಗಾದ ಕೂದಲು ಗುಳಿಗೆಯಿಂದ ಉದುರುವುದಿಲ್ಲ. ಅದರ ಸರದಿ ಮುಗಿದ ಮೇಲೆ ಹುಟ್ಟುವುದು ತೆಳುವಾಗುತ್ತದೆ. ಅಲ್ಲಿಯವರೆಗೆ ಥ್ರೆಡಿಂಗ್, ಶೇವಿಂಗ್ ನಡೆಯಲಿ. ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲ, ತುದಿ ಮೊಂಡಾಗಿ ಕೈಗೆ ಒರಟು ಹತ್ತುತ್ತದೆ ಅಷ್ಟೆ. ಥ್ರೆಡಿಂಗ್ ಅಂತರ ವಾರದಿಂದ ಎರಡು ವಾರಕ್ಕೆ ಹೋಯಿತೆಂದರೆ ಔಷಧಿ ಹತ್ತಿದೆ ಎಂದು ತಿಳಿಯುತ್ತೇನೆ, ಲೇಸರ್ ಮಾತನ್ನು ಆಗ ತೆಗೆಯುತ್ತೇನೆ.