ಕಂಬದ ಸುತ್ತ 56 ಮ್ಯಾಟ್

ಈ ಸಲ ನಮ್ಮೂರಿನ ಮೂವರು ಹುಡುಗಿಯರು ಮಂಡ್ಯ ಜಿಲ್ಲಾ ಖೋ ಖೋ ತಂಡಕ್ಕೆ ಆಯ್ಕೆಯಾದರು. "ಮಣ್ಣಲ್ಲಿ ಆಡೋ ಮಕ್ಕಳಿಗೆ ಮ್ಯಾಟ್ ಯಾಕೆ ಮೇಷ್ಟ್ರೇ, ದುಡ್ಡು ದಂಡ" ಅಂದವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

2016ರ ಗುವಾಹಟಿಯ ಸ್ಯಾಫ್ ಗೇಮ್ಸ್‌ನಲ್ಲಿ, ಅಂದರೆ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ, ಖೋ ಖೋ ಮೊದಲ ಸಲ ಪದಕದ ಆಟವಾಗಿ ಸೇರಿತು. ಭಾರತದ ಗಂಡು, ಹೆಣ್ಣು ಎರಡೂ ತಂಡಕ್ಕೆ ಚಿನ್ನ. 2019ರಲ್ಲಿ ನೇಪಾಳದಲ್ಲೂ ಹಾಗೇ ಆಯಿತು. 2025ರ ವಿಶ್ವಕಪ್ ಗೆದ್ದ ತಂಡದಲ್ಲಿ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ನಮ್ಮ ಮಕ್ಕಳೂ ಒಂದು ದಿನ ಅಲ್ಲಿ ಆಡಬೇಕು ಅನ್ನೋದು ನನ್ನ ಆಸೆ. ಆದರೆ ದೊಡ್ಡ ಪಂದ್ಯ ಈಗ ಮ್ಯಾಟ್ ಮೇಲೆ.

ಹೋದ ವರ್ಷ ಮ್ಯಾಟ್ ಮೇಲೆ ನಡೆದ ಆಯ್ಕೆಯಲ್ಲಿ ನಮ್ಮ ಒಳ್ಳೇ ಹುಡುಗಿ ಕಂಬದ ಹತ್ತಿರ ಎದುರಾಳಿಯನ್ನು ಮುಟ್ಟಲು ಡೈವ್ ಹೊಡೆದು ಎರಡು ಸಲ ಮಂಡಿ ತರಚಿಕೊಂಡಳು. ಮಣ್ಣಲ್ಲಿ ಬಿದ್ದ ಮೈ ಜಾರಿಕೊಂಡು ಮುಂದೆ ಹೋಗುತ್ತೆ. ಮ್ಯಾಟ್‌ನಲ್ಲಿ ಗಕ್ಕನೆ ನಿಲ್ಲುತ್ತೆ.

ಇಡೀ ಅಂಕಣ 27ಕ್ಕೆ 16 ಮೀಟರ್. ಹೊಸ ಮ್ಯಾಟ್‌ಗೆ ಐದು ಲಕ್ಷದ ಮೇಲೆ ಹೇಳಿದರು. ನಾನು ಒಂದು ಕಂಬದ ಸುತ್ತ ಮಾತ್ರ ಹಾಸಿದೆ. ಎಡವಟ್ಟಾಗೋದು ಜಾಸ್ತಿ ಅಲ್ಲೇ ಅಲ್ವಾ? ಮೈಸೂರಲ್ಲಿ ಮುಚ್ಚಿದ ಕರಾಟೆ ಕ್ಲಾಸಿನಿಂದ ಮೀಟರ್ ಅಳತೆಯ 56 ತುಂಡು ತಂದೆ. ಸುಮಾರು 25 ಸಾವಿರ, ಟೆಂಪೋಗೆ ಬೇರೆ ಎರಡು.

ಮೊದಲು ಸುಮ್ನೆ ಮಣ್ಣಿನ ಮೇಲೆ ಹಾಸಿದೆ. ಒಂದೇ ಮಳೆಗೆ ಅಂಚೆಲ್ಲ ಎದ್ದವು. ಆಮೇಲೆ ಕೆಳಗೆ ಟಾರ್ಪಾಲ್ ಹಾಕಿದೆ. ಡೈವ್ ಹೊಡೆದರೆ ಮ್ಯಾಟೇ ಜಾರಿತು, ಒಬ್ಬಳ ಮಣಿಕಟ್ಟು ಉಳುಕಿತು. ಹೆದರಿ ಹದಿನೈದು ದಿನ ನಿಲ್ಲಿಸಿಬಿಟ್ಟೆ. ಅವಳ ತಂದೆ ಮುಖ ಕೊಟ್ಟು ಮಾತಾಡಲಿಲ್ಲ. ನಡುವೆ ಆಲೆಮನೆಯ ಕಬ್ಬಿನ ಸಿಪ್ಪೆಯನ್ನೂ ಹಾಕಿ ನೋಡಿದೆ. ಎರಡು ದಿನ ಚೆನ್ನಾಗಿ ಪುಟಿಯಿತು. ಮೂರನೇ ದಿನ ಇರುವೆಯೋ ಇರುವೆ.

ಕೊನೆಗೆ ಜಲ್ಲಿಪುಡಿ ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿ, ಸುತ್ತ ನೀಲಗಿರಿ ಹಲಗೆ ಬಿಗಿದೆ. ಆಗ ನಿಂತಿತು. ಸಂದಿಗೆ ಏನು ಅಂಟಿಸಿದೆ ಅಂತ ಸದ್ಯಕ್ಕೆ ಹೇಳಲ್ಲ. ಅದೊಂದಕ್ಕೇ ನಾಲ್ಕು ತಿಂಗಳು ಹೋಗಿದೆ. ಒಟ್ಟು ಖರ್ಚು 38 ಸಾವಿರದ ಆಸುಪಾಸು.

ಮೂರು ವಾರ ಕಂಬ ಮುಟ್ಟಲು ಬಿಡಲಿಲ್ಲ, ಬೀಳೋದನ್ನೇ ಕಲಿಸಿದೆ. ಎದೆ ಮೊದಲು ತಾಗಬೇಕು, ಮಂಡಿ ಕೊನೆಗೆ. ಮಣ್ಣಿಗಿಂತ ಒಂದು ಹೆಜ್ಜೆ ಹತ್ತಿರದಿಂದ ಹಾರಬೇಕು, ಯಾಕೆಂದರೆ ಮ್ಯಾಟ್ ಜಾರಿಸಿ ಮುಂದಕ್ಕೆ ಒಯ್ಯುವುದಿಲ್ಲ. ಈ ಒಂದು ಹೆಜ್ಜೆ ಕೂತ ಮೇಲೆ ಡೈವ್‌ನಲ್ಲಿ ಔಟ್ ಮಾಡೋದು ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಮಣಿಕಟ್ಟು ಉಳುಕಿದ ಹುಡುಗಿ ಆಯ್ಕೆಯಾದ ಮೂವರಲ್ಲಿ ಒಬ್ಬಳು.

ಇನ್ನೊಂದು ಕಂಬದ ಕಡೆ ಇನ್ನೂ ಮಣ್ಣೇ ಇದೆ. ಕಬ್ಬಿನ ಬಿಲ್ ಬಂದ ಮೇಲೆ ಅಲ್ಲಿಗೂ 56 ತರುತ್ತೇನೆ.