4 ಬೈಟ್‌ಗೆ 20 ಎಂಬಿ

ನಾನೇ ಒಪ್ಪಿಗೆ ಕೊಟ್ಟ ಒಂದು ಪ್ಯಾಚ್ (ಕೋಡ್ ಬದಲಾವಣೆ) ಈಗಲೂ ಕಣ್ಣ ಮುಂದಿದೆ. ಒಂದು ಸ್ಟ್ರಕ್ಟ್‌ನ, ಅಂದರೆ ಸಂಬಂಧಪಟ್ಟ ಮಾಹಿತಿಯನ್ನೆಲ್ಲ ಒಟ್ಟಿಗೆ ಇಡುವ ಕಟ್ಟಿನ, ಕೊನೆಗೆ ಒಂದೇ ಒಂದು ಯು32 (32 ಬಿಟ್‌ನ ಸಂಖ್ಯೆ) ಸೇರಿಸಿದ್ದರು. ಬರೀ 4 ಬೈಟ್. ಲಾಕಿಂಗ್ ನೋಡಿದೆ, ಎರರ್ ಬಂದಾಗ ಮೆಮೊರಿ ವಾಪಸ್ ಹೋಗುತ್ತದಾ ನೋಡಿದೆ. ಎಲ್ಲ ಸರಿಯಿತ್ತು. ಓಕೆ ಅಂದೆ.

ಅದು 256 ಎಂಬಿ ರ‍್ಯಾಮ್ ಇರುವ ರೌಟರ್‌ನಲ್ಲಿ ಓಡುವ ಲಿನಕ್ಸ್ ಕರ್ನಲ್, ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಒಂದೊಂದು ನೆಟ್‌ವರ್ಕ್ ಕನೆಕ್ಷನ್‌ಗೂ ನಮ್ಮ ಡ್ರೈವರ್ ಆ ಸ್ಟ್ರಕ್ಟ್ ಒಂದನ್ನು ಇಡುತ್ತಿತ್ತು. ಲೋಡ್ ಟೆಸ್ಟ್‌ನಲ್ಲಿ 40,000 ಕನೆಕ್ಷನ್ ಹಾಕುತ್ತಿದ್ದೆವು. ಪ್ಯಾಚ್ ಸೇರಿದ ಮೇಲೆ ಅದೇ ಟೆಸ್ಟ್‌ನಲ್ಲಿ ಖಾಲಿ ಮೆಮೊರಿ ಸುಮಾರು 20 ಎಂಬಿ ಕಡಿಮೆ ಬಂತು. ಲೆಕ್ಕದ ಪ್ರಕಾರ 40,000 ಸಲ 4 ಬೈಟ್ ಅಂದರೆ ಬರೀ 160 ಕೆಬಿ. ಮಿಕ್ಕಿದ್ದು ಎಲ್ಲಿ ಹೋಯಿತು?

ಅಡುಗೆಮನೆಯ ಸ್ಟೀಲ್ ಡಬ್ಬಗಳ ಸಾಲು ನೆನಪು ಮಾಡಿಕೊಳ್ಳಿ. ಚಿಕ್ಕ ಡಬ್ಬದಲ್ಲಿ ಬೇಳೆ ಹಿಡಿಯದೆ ಒಂದು ಹಿಡಿ ಉಳಿಯಿತು ಅಂದರೆ ಬೇಳೆಯನ್ನೆಲ್ಲ ಮುಂದಿನ ದೊಡ್ಡ ಡಬ್ಬಕ್ಕೆ ಸುರಿಯಬೇಕು. ಕರ್ನಲ್‌ನಲ್ಲಿ ಮೆಮೊರಿ ಹಂಚುವ ಕೆ-ಮ್ಯಾಲಕ್ ಹಾಗೇ. ಕೇಳಿದಷ್ಟನ್ನೇ ಅಳೆದು ಕೊಡುವುದಿಲ್ಲ. ಅದರ ಹತ್ತಿರ 64, 96, 128, 192, 256, 512, 1024 ಹೀಗೆ ಗೊತ್ತಾದ ಅಳತೆಯ ಡಬ್ಬಗಳಿವೆ. ನಮ್ಮ ಸ್ಟ್ರಕ್ಟ್ ಸರಿಯಾಗಿ 512 ಇತ್ತು. 4 ಬೈಟ್ ಸೇರಿತು, ಅಲೈನ್‌ಮೆಂಟ್‌ಗೆ (ಅಳತೆ 8ರ ಗುಣಕವಾಗಿರಬೇಕು) ಇನ್ನೊಂದು 4 ಸೇರಿ 520 ಆಯಿತು. ಮುಂದಿನ ಡಬ್ಬ 1024. ಒಂದೊಂದು ಕನೆಕ್ಷನ್‌ಗೂ 504 ಬೈಟ್ ಸುಮ್ನೆ ಖಾಲಿ.

ಇದನ್ನು ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ಈ ಡಬ್ಬಗಳ ಲೆಕ್ಕ ತೋರಿಸುವ ಸ್ಲ್ಯಾಬ್‌ಇನ್ಫೋ ಫೈಲ್‌ನಲ್ಲಿ 512ರ ಸಾಲು ಇಳಿದಿತ್ತು, 1ಕೆ (1024) ಸಾಲು ಏರಿತ್ತು. ಆದರೆ ಆ ಡಬ್ಬವನ್ನು ಕರ್ನಲ್‌ನ ಎಷ್ಟೋ ಭಾಗಗಳು ಹಂಚಿಕೊಳ್ಳುತ್ತವೆ. ಯಾರು ತೆಗೆದುಕೊಂಡರು ಅಂತ ಅಲ್ಲಿ ಕಾಣುವುದಿಲ್ಲ. ಅದಕ್ಕೆ ಬೂಟ್ ಆಗುವಾಗಲೇ ಕೆ-ಮ್ಯಾಲಕ್‌ನ ಹಿಂದಿರುವ ಹಂಚಿಕೆ ವ್ಯವಸ್ಥೆ ಸ್ಲಬ್‌ನ ಡೀಬಗ್ ಆನ್ ಮಾಡಿ, 1ಕೆ ಡಬ್ಬವನ್ನು ಯಾವ ಫಂಕ್ಷನ್ ಎಷ್ಟು ಸಲ ಕೇಳಿದೆ ಅನ್ನುವ ಪಟ್ಟಿ ತೆಗೆದೆ. ಮೊದಲ ಸಾಲಿನಲ್ಲೇ ನಮ್ಮ ಡ್ರೈವರ್. ಒಂದು ಮಾತು: ಈ ಡೀಬಗ್ ಆನ್ ಇದ್ದಾಗ ಪ್ರತಿ ಆಬ್ಜೆಕ್ಟ್‌ಗೂ (ಹಂಚಿದ ಒಂದೊಂದು ತುಂಡಿಗೂ) ಅದರದೇ ಗುರುತಿನ ಮಾಹಿತಿ ಸೇರಿಕೊಳ್ಳುತ್ತದೆ. ಯಾರು ಅಂತ ತಿಳಿಯಲು ಅದನ್ನು ಬಳಸಿ. ಎಷ್ಟು ಅಂತ ಅಳೆಯುವಾಗ ಆಫ್ ಮಾಡಿ.

ಸರಿ ಮಾಡಲು ಬೇಕಾಗಿದ್ದು ಐದೇ ನಿಮಿಷ. ಪಾಹೋಲ್ ಅನ್ನುವ ಟೂಲ್ ಇದೆ, ಅರ್ನಾಲ್ಡೋ ಕಾರ್ವಾಲೋ ಡಿ ಮೆಲೋ ಬರೆದದ್ದು. ಡೀಬಗ್ ಮಾಹಿತಿ ಇರುವ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ಕೋಡ್) ಕೊಟ್ಟರೆ ಸ್ಟ್ರಕ್ಟ್‌ನ ಯಾವ ಫೀಲ್ಡ್ ಎಲ್ಲಿ ಕೂತಿದೆ, ನಡುವೆ ಎಲ್ಲಿ ತೂತು ಬಿದ್ದಿದೆ ಎಲ್ಲ ಬಿಡಿಸಿ ತೋರಿಸುತ್ತದೆ. ನಮ್ಮದರಲ್ಲಿ ಎರಡು ಕಡೆ ಒಂದು ಬೂಲ್ (ಹೌದು/ಅಲ್ಲ ಹೇಳುವ 1 ಬೈಟ್), ಅದರ ಬೆನ್ನಿಗೇ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ಇತ್ತು. ಪಾಯಿಂಟರ್ 8ರ ಗಡಿಯಲ್ಲೇ ಕೂರಬೇಕು. ಹಾಗಾಗಿ ಬೂಲ್ ಆದ ಮೇಲೆ 7 ಬೈಟ್ ಖಾಲಿ. ಹೊಸ ಯು32 ಅನ್ನು ಕೊನೆಯಿಂದ ತೆಗೆದು ಮೊದಲ ಬೂಲ್‌ನ ಕೆಳಗೆ ಇಟ್ಟೆ. ತೂತಿನಲ್ಲಿ ಕೂತಿತು. ಮತ್ತೆ 512. ಒಂದು ಸಾಲು ಜಾಗ ಬದಲಿಸಿದ್ದಕ್ಕೆ 20 ಎಂಬಿ ವಾಪಸ್ ಬಂತು.

ಅವತ್ತಿನಿಂದ ಪ್ಯಾಚ್ ತೆರೆದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ: ಓಡುವ ಮಷೀನ್‌ನಲ್ಲಿ ಈ ಸ್ಟ್ರಕ್ಟ್ ಎಷ್ಟು ಇರುತ್ತವೆ? ಇಡೀ ಮಷೀನ್‌ಗೆ ಒಂದೇ ಇರುವ ಸ್ಟ್ರಕ್ಟ್‌ಗೆ 100 ಬೈಟ್ ಸೇರಿಸಿದರೂ ನಾನು ತುಟಿ ಬಿಚ್ಚುವುದಿಲ್ಲ. ಅಂಥ ಕಡೆ ಬೈಟ್ ಉಳಿಸಲು ಬಿಟ್‌ಫೀಲ್ಡ್ (ಒಂದೇ ಬೈಟ್‌ನೊಳಗೆ ಹಲವು ಫೀಲ್ಡ್) ತುರುಕಿದರೆ ಕೋಡ್ ಓದುವವರಿಗೆ ಕಷ್ಟ, ಲಾಭ ಏನೂ ಇಲ್ಲ. ಆದರೆ ಡೆಂಟ್ರಿ ನೋಡಿ. ಫೈಲ್ ಹೆಸರುಗಳನ್ನು ಕರ್ನಲ್ ನೆನಪಿಡುವುದು ಅದರಲ್ಲೇ. ಮಾಮೂಲಿ 64-ಬಿಟ್ ಬಿಲ್ಡ್‌ನಲ್ಲಿ 192 ಬೈಟ್. ಕರ್ನಲ್ ಮೆಮೊರಿಯನ್ನು ಭಾಗಿಸುವ 4096 ಬೈಟ್‌ನ ಒಂದು ಪೇಜ್‌ಗೆ 21 ಹಿಡಿಯುತ್ತವೆ. ಒಂದು ಪಾಯಿಂಟರ್ ಸೇರಿಸಿ 200 ಮಾಡಿದರೆ 20. ಹತ್ತು ಲಕ್ಷ ಡೆಂಟ್ರಿ ಇರುವ ಸರ್ವರ್‌ನಲ್ಲಿ 9 ಎಂಬಿಗೂ ಜಾಸ್ತಿ ಹೋಯಿತು. ಪ್ರತಿ ಪೇಜ್‌ಗೂ ಒಂದು ಇರುವ ಸ್ಟ್ರಕ್ಟ್ ಪೇಜ್ ವಿಷಯ ಇನ್ನೂ ಬಿಗಿ. ಅದು ಸಾಮಾನ್ಯವಾಗಿ 64 ಬೈಟ್, 16 ಜಿಬಿ ಮಷೀನ್‌ನಲ್ಲಿ 256 ಎಂಬಿ ಅದಕ್ಕೇ ಮೀಸಲು. ಅಲ್ಲಿ ಒಂದು ಬಿಟ್‌ಗೂ ಜನ ವಾದ ಮಾಡುತ್ತಾರೆ, ಮಾಡಲೇಬೇಕು.

ಸಿಪಿಯು ಲೆಕ್ಕದ ಅರೇ (ಒಂದೊಂದು ಸಿಪಿಯುಗೂ ಒಂದು ಜಾಗ ಇರುವ ಸಾಲು) ಕಂಡರೂ ನಿಲ್ಲುತ್ತೇನೆ. ಎಷ್ಟೋ ಡಿಸ್ಟ್ರೋ (ಬಳಕೆಗೆ ಸಿದ್ಧವಾಗಿ ಸಿಗುವ ಲಿನಕ್ಸ್) ಕರ್ನಲ್‌ಗಳಲ್ಲಿ ಗರಿಷ್ಠ ಸಿಪಿಯು ಸಂಖ್ಯೆ 8192. ಆ ಉದ್ದದ ಅರೇಯಲ್ಲಿ ಒಂದೊಂದಕ್ಕೆ 64 ಬೈಟ್ ಇಟ್ಟರೆ 4 ಕೋರ್‌ನ ಲ್ಯಾಪ್‌ಟಾಪ್‌ನಲ್ಲೂ 512 ಕೆಬಿ ಹೋಗುತ್ತದೆ. ಮಷೀನ್‌ನಲ್ಲಿ ಇರಬಹುದಾದ ಸಿಪಿಯುಗಳಿಗಷ್ಟೇ ಜಾಗ ಹಿಡಿಯುವ ಪರ್-ಸಿಪಿಯು ವೇರಿಯಬಲ್ ಬಳಸಿ ಅಂತ ಬರೆಯುತ್ತೇನೆ.

ಹಾಗಂತ ಪ್ರತಿ ತೂತನ್ನೂ ಮುಚ್ಚಿಸಬಾರದು. ಒಮ್ಮೆ ನಾನೇ ಹೇಳಿ ಒಂದು ಕೌಂಟರ್ ಅನ್ನು ಖಾಲಿ ಜಾಗಕ್ಕೆ ಹಾಕಿಸಿದೆ. ಅದು ಪ್ರತಿ ಪ್ಯಾಕೆಟ್‌ಗೂ ಬದಲಾಗುವ ಕೌಂಟರ್. ಕೂತ ಜಾಗ ಎಲ್ಲ ಕೋರ್‌ಗಳೂ ಓದುತ್ತಿರುವ ಫೀಲ್ಡ್‌ಗಳ ಪಕ್ಕ, ಅದೇ 64 ಬೈಟ್‌ನ ಕ್ಯಾಶ್‌ಲೈನ್‌ನಲ್ಲಿ (ಪ್ರೊಸೆಸರ್ ಮೆಮೊರಿಯಿಂದ ಒಮ್ಮೆಗೆ ತರುವ ತುಂಡು). ಒಂದು ಕೋರ್ ಬರೆದಾಗಲೆಲ್ಲ ಬೇರೆ ಕೋರ್‌ಗಳ ಪ್ರತಿ ಕೆಟ್ಟು, ಅವು ಮತ್ತೆ ತರಿಸಿಕೊಳ್ಳಬೇಕು. ವೇಗ ಬಿತ್ತು. ಬದಲಾವಣೆ ವಾಪಸ್ ತೆಗೆಸಿ, ಬರೆದವರ ಹತ್ತಿರ ತಪ್ಪು ನನ್ನದು ಅಂತ ಹೇಳಿದೆ. ಈಗ ಪಾಹೋಲ್ ತೋರಿಸುವ ಕ್ಯಾಶ್‌ಲೈನ್ ಗಡಿಗಳನ್ನೂ ತೂತಿನಷ್ಟೇ ಗಮನವಿಟ್ಟು ನೋಡುತ್ತೇನೆ.

ಕೋಡ್ ಎಷ್ಟು ಬೆಳೆಯಿತು ಅನ್ನುವುದಕ್ಕೆ ಕರ್ನಲ್ ಸೋರ್ಸ್‌ನಲ್ಲೇ ಇರುವ ಬ್ಲೋಟ್-ಓ-ಮೀಟರ್ ಸಾಕು. ಹಳೆಯ ಬಿಲ್ಡ್, ಹೊಸ ಬಿಲ್ಡ್ ಎರಡೂ ಕೊಟ್ಟರೆ ಯಾವ ಫಂಕ್ಷನ್ ಎಷ್ಟು ಉಬ್ಬಿದೆ ಅಂತ ಹೇಳುತ್ತದೆ. ಹಲವು ಫೈಲ್‌ಗಳು ಸೇರಿಸಿಕೊಳ್ಳುವ ಹೆಡರ್‌ನಲ್ಲಿ ದೊಡ್ಡ ಇನ್‌ಲೈನ್ ಫಂಕ್ಷನ್ (ಕರೆದ ಕಡೆಯೆಲ್ಲ ನಕಲಾಗುವಂಥದ್ದು) ಬಂದಾಗ ತಪ್ಪದೆ ಓಡಿಸುತ್ತೇನೆ. ಕಾಮೆಂಟ್‌ನಲ್ಲಿ "ಮೆಮೊರಿ ಜಾಸ್ತಿ ಆಯ್ತು" ಅಂತ ಮಾತ್ರ ಬರೆಯುವುದಿಲ್ಲ. ಮೊದಲಿನ ಅಳತೆ, ಈಗಿನ ಅಳತೆ, ಎಷ್ಟು ಆಬ್ಜೆಕ್ಟ್, ಒಟ್ಟು ಎಷ್ಟು, ಇಷ್ಟೂ ಹಾಕುತ್ತೇನೆ. ಅಂಕಿ ಇದ್ದರೆ ಮಾತು ಬೇಗ ಮುಗಿಯುತ್ತದೆ, ಬರೆದವರಿಗೂ ಬೇಜಾರಾಗುವುದಿಲ್ಲ.

ಆ ಹಳೆಯ ಸ್ಟ್ರಕ್ಟ್‌ನ ಕೆಳಗೆ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿಟ್ಟೆ: 512 ದಾಟಿದರೆ ಬಿಲ್ಡ್ ನಿಲ್ಲಲಿ ಅಂತ. ಡೀಬಗ್ ಬಿಲ್ಡ್‌ಗೆ ಮಾತ್ರ ಅದು ಅನ್ವಯಿಸದಂತೆ ಮಾಡಿದ್ದೇನೆ. ಯಾಕೆಂದರೆ ಸ್ಪಿನ್‌ಲಾಕ್ (ಒಂದೇ ಸಲಕ್ಕೆ ಇಬ್ಬರು ಮುಟ್ಟದಂತೆ ತಡೆಯುವ ಬೀಗ) ಮಾಮೂಲಿಯಾಗಿ 4 ಬೈಟ್, ಲಾಕ್‌ಡೆಪ್ (ಬೀಗಗಳ ತಪ್ಪು ಹಿಡಿಯುವ ಡೀಬಗ್ ಸೌಲಭ್ಯ) ಆನ್ ಮಾಡಿದರೆ ಹಲವು ಪಟ್ಟು ಹಿಗ್ಗುತ್ತದೆ. ಪಾಹೋಲ್ ಓಡಿಸುವಾಗಲೂ ಅಷ್ಟೇ, ಗ್ರಾಹಕರಿಗೆ ಹೋಗುವ ಕಾನ್ಫಿಗ್‌ನಲ್ಲೇ ಓಡಿಸಬೇಕು.

ಹೋದ ತಿಂಗಳು ಟೀಮ್‌ಗೆ ಹೊಸದಾಗಿ ಬಂದ ಹುಡುಗಿ ನನ್ನ ಟೇಬಲ್ ಹತ್ತಿರ ಬಂದಳು. "ಸರ್, ಒಂದು ಯು16 ಸೇರಿಸಿದೆ ಅಷ್ಟೇ, ಬಿಲ್ಡ್ ಆಗ್ತಿಲ್ಲ. ಈ 512 ಯಾಕೆ?" ಕುರ್ಚಿ ಎಳೆದುಕೊಂಡು ಕೂತೆವು. ಡಬ್ಬಗಳ ಕಥೆ ಹೇಳಿದೆ. ಪಾಹೋಲ್ ಅವಳೇ ಓಡಿಸಿದಳು. ಎರಡನೇ ಬೂಲ್‌ನ ಕೆಳಗಿನ 7 ಬೈಟ್ ಇನ್ನೂ ಖಾಲಿ ಇತ್ತು. ಕ್ಯಾಶ್‌ಲೈನ್ ಯಾವುದು, ಅಲ್ಲಿ ಯಾರು ಬರೆಯುತ್ತಾರೆ ಅಂತ ಅವಳೇ ಕೇಳಿದಳು. ನೋಡಿದೆವು, ತೊಂದರೆ ಇರಲಿಲ್ಲ. ಯು16 ಅಲ್ಲಿಗೆ ಹೋಯಿತು. ಬಿಲ್ಡ್ ಆಯಿತು.